‘ಜನಾಂಗದ ಪಕ್ಷ’ ಎಂಬ ಬೈಗುಳ

ಆದಿವಾಸಿಗಳು ತಮ್ಮದೇ ಒಂದು ರಾಜಕೀಯ ಪಕ್ಷ ಕಟ್ಟಿಕೊಂಡರೆ ನಮ್ಮ ಬುದ್ಧಿವಂತರಿಗೆ ಕೂಡಲೇ ದೇಶದ ಏಕತೆಯ ನೆನಪಾಗುತ್ತದೆ. ಜಾರ್ಖಂಡ್ ಮುಕ್ತಿ ಮೋರ್ಚಾದ ಮಾತು ಬಂದಾಗಲೆಲ್ಲ ‘ಅದು ಜನಾಂಗದ ಪಕ್ಷ, ಸಂಕುಚಿತ’ ಎಂಬ ತೀರ್ಪು ಸಿದ್ಧ. ಬಹುಸಂಖ್ಯಾತರು ತಮ್ಮ ಜಾತಿ, ತಮ್ಮ ದೇವರ ಲೆಕ್ಕದಲ್ಲಿ ಟಿಕೆಟ್ ಹಂಚಿದರೆ ಅದು ರಾಷ್ಟ್ರೀಯ ರಾಜಕಾರಣ. ಸಂತಾಲರೋ ಮುಂಡರೋ ನಮ್ಮ ಗದ್ದೆ ನಮಗಿರಲಿ ಎಂದರೆ ಮಾತ್ರ ಜನಾಂಗವಾದ! ಈ ತಕ್ಕಡಿ ಮಾಡಿದವರು ಯಾರು?

ಈ ಪಕ್ಷದ ಬೇರು ಇರುವುದು ಸಾಲದ ಪತ್ರದಲ್ಲಿ. ಶಿಬು ಸೊರೇನ್ ಹುಡುಗನಾಗಿದ್ದಾಗ, 1957ರಲ್ಲಿ, ಶಾಲಾ ಮಾಸ್ತರರಾಗಿದ್ದ ಅವರ ತಂದೆಯನ್ನು ಬಡ್ಡಿ ಸಾಹುಕಾರರ ಕಡೆಯವರು ಕೊಂದರು. ಹೆಬ್ಬೆಟ್ಟು ಒತ್ತಿಸಿಕೊಂಡು ಆದಿವಾಸಿಯ ಜಮೀನು ನುಂಗುವುದು ಅಲ್ಲಿನ ಮಹಾಜನರ ದಂಧೆಯಾಗಿತ್ತು. ಮುಂದೆ ಶಿಬು ಹೂಡಿದ್ದು ‘ಧಾನ್ ಕಾಟೋ’ ಚಳವಳಿ. ಸಾಹುಕಾರ ಕಬಳಿಸಿದ ಗದ್ದೆಗೆ ಹೆಂಗಸರು ಕುಡುಗೋಲು ಹಿಡಿದು ಇಳಿಯುತ್ತಿದ್ದರು, ಗಂಡಸರು ಬಿಲ್ಲು ಬಾಣ ಹಿಡಿದು ಬದುವಿನ ಮೇಲೆ ಕಾವಲು ನಿಲ್ಲುತ್ತಿದ್ದರು. 1970ರ ದಶಕದ ಆರಂಭದಲ್ಲಿ ಮೋರ್ಚಾ ಕಟ್ಟುವಾಗ ಅವರ ಜೊತೆಗಿದ್ದವರು ಕುರ್ಮಿ ಸಮುದಾಯದ ವಕೀಲ ಬಿನೋದ್ ಬಿಹಾರಿ ಮಹತೋ, ಕಲ್ಲಿದ್ದಲು ಕಾರ್ಮಿಕರ ನಾಯಕ ಎ.ಕೆ. ರಾಯ್. ರಾಯ್ ಬಂಗಾಳಿ! ಇದು ಸಂಕುಚಿತವಾದರೆ ವಿಶಾಲ ಯಾವುದು ಸ್ವಾಮಿ? ‘ಜಲ್, ಜಂಗಲ್, ಜಮೀನ್’ ಎಂಬ ಘೋಷಣೆಯನ್ನೇ ನೋಡಿ. ಅದರ ಕೊನೆಯ ಶಬ್ದ ಫಾರ್ಸಿಯದ್ದೆಂದು ಉರ್ದು ಓದಿದ ಯಾರಿಗೂ ಗೊತ್ತು. ಆದಿವಾಸಿಯ ಬಾಯಲ್ಲಿ ಅದೇನೂ ಪರಕೀಯವಾಗಲಿಲ್ಲ.

2024ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ಅವರಿಗೆ ಹೊಸ ಶತ್ರುವನ್ನು ತೋರಿಸಿತು. ಬಾಂಗ್ಲಾ ನುಸುಳುಕೋರರು ಬಂದು ನಿಮ್ಮ ರೊಟ್ಟಿ, ಮಗಳು, ಮಣ್ಣು ಕಸಿಯುತ್ತಿದ್ದಾರೆ ಎಂದಿತು. ಈ ಮಾತಿನ ಬಾಣ ಸಂತಾಲ ಪರಗಣದ ಮುಸ್ಲಿಮರ ಕಡೆಗಿತ್ತೆಂದು ಹೇಳಲು ಪಂಡಿತರು ಬೇಕಿಲ್ಲ. ಆದಿವಾಸಿಗಳ ಪಾಲು ಕುಗ್ಗಿದ್ದು ನಿಜ. 1951ರಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚಿದ್ದದ್ದು 2011ರ ಗಣತಿಯಲ್ಲಿ ಸುಮಾರು ಶೇ. 26. ಆದರೆ ಜಮ್ಶೆಡ್‌ಪುರ, ಬೊಕಾರೊ, ಧನಬಾದಿನ ಕಾರ್ಖಾನೆ ಗಣಿಗಳಿಗೆ ಹೊರಗಿನಿಂದ ಜನ ತುಂಬಿದ್ದನ್ನು, ದಾಮೋದರ ಕಣಿವೆಯ ಅಣೆಕಟ್ಟುಗಳಲ್ಲಿ ಊರುಗಳು ಮುಳುಗಿದ್ದನ್ನು, ಕೂಲಿಗಾಗಿ ಅಸ್ಸಾಮಿನ ಚಹಾ ತೋಟಗಳಿಗೆ ಸಾಗಿದವರನ್ನು ಯಾವ ಭಾಷಣಕಾರ ಲೆಕ್ಕ ಹಾಕಿದ? ಆದಿವಾಸಿಗಳು ಮೋಸ ಹೋಗಲಿಲ್ಲ. ಪರಿಶಿಷ್ಟ ಪಂಗಡಕ್ಕೆ ಮೀಸಲಾದ 28 ಸ್ಥಾನಗಳಲ್ಲಿ ಬಿಜೆಪಿಗೆ ದಕ್ಕಿದ್ದು ಒಂದೇ ಒಂದು.

ಹಾಗೆಂದು ಮೋರ್ಚಾಗೆ ಹಾರ ಹಾಕಲು ನಾನು ಕೂತಿಲ್ಲ. ಆದಿವಾಸಿ ಪಕ್ಷಗಳನ್ನು ಹೊರಗಿನವರಷ್ಟೇ ಒಳಗಿನವರೂ ಮಾರಿದ್ದಾರೆ. 1952ರಲ್ಲಿ ಬಿಹಾರದ ವಿಧಾನಸಭೆಗೆ 30ಕ್ಕೂ ಹೆಚ್ಚು ಶಾಸಕರನ್ನು ಕಳಿಸಿದ ಜೈಪಾಲ್ ಸಿಂಗರ ಜಾರ್ಖಂಡ್ ಪಾರ್ಟಿ 1963ರಲ್ಲಿ ಕಾಂಗ್ರೆಸ್ಸಿನ ಹೊಟ್ಟೆ ಸೇರಿತು. 1993ರಲ್ಲಿ ನರಸಿಂಹರಾವ್ ಸರಕಾರ ಉಳಿಸಲು ಲಂಚ ಪಡೆದ ಆರೋಪ ಹೊತ್ತವರು ಮೋರ್ಚಾ ಸಂಸದರೇ. 2010ರಲ್ಲಿ ಅದೇ ಮೋರ್ಚಾ ಬಿಜೆಪಿಯ ಜೊತೆ ಕುರ್ಚಿ ಹಂಚಿಕೊಂಡಿತು. ಕುಡುಗೋಲು ಹಿಡಿದ ಹೆಂಗಸರ ಪಕ್ಷ ಒಂದು ಮನೆತನದ ಆಸ್ತಿಯಾದ ಕತೆಯನ್ನು ಬೇರೆ ಬರೆಯಬೇಕೆ?

ಮುಖ್ಯಮಂತ್ರಿ ಆದಿವಾಸಿಯಾದರೆ ಸಾಕೆನ್ನುವವರಿಗೆ ತಪಕರಾ ಗೊತ್ತಿರಬೇಕು. ರಾಜ್ಯ ಹುಟ್ಟಿದ್ದು 2000ದ ನವೆಂಬರ್ 15, ಬಿರ್ಸಾ ಮುಂಡಾ ಜನ್ಮದಿನದಂದು. ಮೂರು ತಿಂಗಳು ತುಂಬುವ ಮೊದಲೇ, 2001ರ ಫೆಬ್ರವರಿ 2ರಂದು, ಕೋಯಲ್ ಕಾರೋ ಅಣೆಕಟ್ಟು ವಿರೋಧಿಸುತ್ತಿದ್ದವರ ಮೇಲೆ ಅಲ್ಲಿ ಪೊಲೀಸರು ಗುಂಡು ಹಾರಿಸಿ 8 ಜನರನ್ನು ಕೊಂದರು. ಆಗ ಮುಖ್ಯಮಂತ್ರಿ ಬಿಜೆಪಿಯ ಬಾಬುಲಾಲ್ ಮರಾಂಡಿ, ಸ್ವತಃ ಸಂತಾಲ.

ಆದ್ದರಿಂದ ಮೋರ್ಚಾವನ್ನು ಕೇಳಬೇಕಾದದ್ದು ನೀವೇಕೆ ಆದಿವಾಸಿಗಳ ಪಕ್ಷವಾದಿರಿ ಎಂದಲ್ಲ, ಎಷ್ಟರಮಟ್ಟಿಗೆ ಆದಿವಾಸಿಗಳ ಪಕ್ಷವಾಗಿ ಉಳಿದಿದ್ದೀರಿ ಎಂದು. ಬಡ್ಡಿ ವ್ಯವಹಾರಕ್ಕೆ ಕಡಿವಾಣ ಹಾಕುವ, ಜಮೀನು ಪರರ ಪಾಲಾಗದಂತೆ ತಡೆಯುವ ಅಧಿಕಾರವನ್ನು ಅನುಸೂಚಿತ ಪ್ರದೇಶದ ಗ್ರಾಮಸಭೆಗೆ ಕೊಟ್ಟ ಪೆಸಾ ಕಾಯ್ದೆ ಬಂದದ್ದು 1996ರಲ್ಲಿ. ಬಡ್ಡಿ ಸಾಹುಕಾರರ ವಿರುದ್ಧ ಎದ್ದ ಪಕ್ಷ 2019ರಿಂದ ಐದು ವರ್ಷ ಸರಕಾರದ ನೊಗ ಹೊತ್ತಿತು. ಆ ಅವಧಿಯಲ್ಲಿ ಅದಕ್ಕೊಂದು ನಿಯಮಾವಳಿ ಜಾರಿಗೆ ತರಲಾಗಲಿಲ್ಲ. 2024ರ ಜುಲೈಯಲ್ಲಿ ಹೈಕೋರ್ಟು ಎರಡು ತಿಂಗಳ ಗಡುವು ಕೊಟ್ಟಿತು. ಆ ಗಡುವೂ ಮೀರಿತು.