ಕಾರು ಇಳಿಸುವ ಮುನ್ನ ಹಂಪ್ ಅಳೆಯಿರಿ

ಹೂವಿನಹಡಗಲಿ ಸೀಮೆಯ ಗ್ಯಾರೇಜಿಗೆ ಕೆಎ-35 ನಂಬರಿನ ಹಳೆಯ ಸ್ವಿಫ್ಟ್ ಬಂದು ನಿಂತಿತೆಂದರೆ, ಇಳಿದ ಹುಡುಗ ಕೇಳುವುದು ಹಲವು ಸಲ ಒಂದೇ: ‘ಅಣಾ, ಗಾಡಿ ಸ್ವಲ್ಪ ಲೋ ಮಾಡ್ಬೇಕು, ಎಷ್ಟಾಗ್ತತಿ?’ ಉತ್ತರವೂ ತಯಾರಾಗಿಯೇ ಇರುತ್ತದೆ. ‘ಒಂದೆರಡು ಸುತ್ತು ಕೊಯ್ದ್ರ ಆತು. ಮಧ್ಯಾಹ್ನಕ್ಕ ಒಯ್ಯಿ.’

ಕೊಯ್ಯುವುದು ಸ್ಪ್ರಿಂಗನ್ನು. ಖರ್ಚು ಮೆಕ್ಯಾನಿಕ್‌ನ ಕೂಲಿ ಮಾತ್ರ. ಸಂಜೆಯ ಹೊತ್ತಿಗೆ ಕಾರು ನೆಲಕ್ಕೆ ಹೊಟ್ಟೆ ಹಚ್ಚಿಕೊಂಡ ಹಾಗೆ ನಿಂತಿರುತ್ತದೆ, ಫೋಟೊ ಸ್ಟೇಟಸ್‌ಗೆ ಏರಿರುತ್ತದೆ.

ಈ ಆಸೆಯನ್ನು ಹುಚ್ಚಾಟ ಎಂದು ತಳ್ಳಿಹಾಕುವ ಹಿರಿಯರು ಒಮ್ಮೆ ಕೊಟ್ಟೂರಿನ ತೇರನ್ನು ನೆನೆಯಬೇಕು. 2017ರ ಫೆಬ್ರವರಿಯಲ್ಲಿ ಗುರುಬಸವೇಶ್ವರ ಸ್ವಾಮಿಯ ರಥೋತ್ಸವದ ವೇಳೆ ತೇರು ವಾಲಿ ಉರುಳಿಬಿತ್ತು. ಗಾಲಿಯ ಅಚ್ಚು ಮುರಿದದ್ದೇ ಕಾರಣ ಎಂದು ಆಗ ವರದಿಯಾಗಿತ್ತು. ಅಚ್ಚು ಯಾವ ಗಾಡಿಯದ್ದಾದರೂ ಮುರಿಯಬಹುದು. ಆದರೆ ಎತ್ತರದ ತೇರಿನ ಭಾರವೆಲ್ಲ ಮೇಲಿರುವುದರಿಂದ ಒಂದು ಬದಿ ಕುಸಿದರೆ ಅದನ್ನು ತಡೆದು ನಿಲ್ಲಿಸುವುದು ಯಾರ ಕೈಯಲ್ಲೂ ಆಗುವುದಿಲ್ಲ. ಭಾರ ಕೆಳಗಿದ್ದಷ್ಟೂ ಗಾಡಿ ತಿರುವಿನಲ್ಲಿ ಕಡಿಮೆ ವಾಲುತ್ತದೆ, ನೆಲ ಹಿಡಿದು ಓಡುತ್ತದೆ. ಹುಡುಗರ ತರ್ಕದಲ್ಲಿ ಅಷ್ಟರ ಮಟ್ಟಿಗೆ ಹುರುಳಿದೆ. ಎಡವುತ್ತಿರುವುದು ಇಳಿಸುವ ದಾರಿಯಲ್ಲಿ.

ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕೊಯ್ದರೆ ಉಳಿದ ಐದು ಸುತ್ತು ಮೊದಲಿಗಿಂತ ಶೇ 20ರಷ್ಟು ಗಟ್ಟಿಯಾಗುತ್ತವೆ. ಗಟ್ಟಿಯಾದ ಸ್ಪ್ರಿಂಗನ್ನು ಹದ್ದುಬಸ್ತಿನಲ್ಲಿಡಬೇಕಾದ ಶಾಕ್ ಅಬ್ಸಾರ್ಬರ್, ಗ್ಯಾರೇಜಿನ ಬಾಯಲ್ಲಿ ಶಾಕಪ್, ಮಾತ್ರ ಹಳೆಯದೇ. ಅದಕ್ಕೆ ಈ ಸ್ಪ್ರಿಂಗಿನ ಕುಣಿತ ಅಂಕೆಗೆ ಸಿಗುವುದಿಲ್ಲ. ಗ್ಯಾಸ್ ಕಟರ್‌ನಿಂದ ಕೊಯ್ದರಂತೂ ಬೆಂಕಿ ತಾಗಿದ ಜಾಗದಲ್ಲಿ ಉಕ್ಕಿನ ಹದವೇ ಕೆಡುತ್ತದೆ. ಮುಂದೊಂದು ದಿನ ಮುರಿಯುವುದು ಅಲ್ಲಿಯೇ. ಸ್ಪ್ರಿಂಗಿನ ತುದಿ ಕೂರಲೆಂದು ಕಂಪನಿ ಒಂದು ಬಟ್ಟಲು ಮಾಡಿರುತ್ತದೆ. ಕೊಯ್ದ ತುದಿ ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಕಾರು ಹಂಪ್ ಹಾರಿ ಚಕ್ರ ಒಂದು ಕ್ಷಣ ಕೆಳಗೆ ಜೋತಾಗ, ಗಿಡ್ಡಾದ ಸ್ಪ್ರಿಂಗ್ ಸಡಿಲಾಗಿ ಜಾಗ ಬಿಟ್ಟು ಸರಿಯಬಹುದು. ಅದು ಕೂಡ್ಲಿಗಿಯ ಬಳಿ ರಾಷ್ಟ್ರೀಯ ಹೆದ್ದಾರಿ 50ರಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಆದರೆ?

ಇನ್ನೊಂದು ಅಪಾಯ ಬ್ರೇಕಿನದು. ಹಳೆಯ ಕೆಲವು ಕಾರುಗಳಲ್ಲಿ ಹಿಂಬದಿ ಎಷ್ಟು ತಗ್ಗಿದೆ ಎಂಬುದನ್ನು ನೋಡಿ ಹಿಂದಿನ ಚಕ್ರಗಳ ಬ್ರೇಕಿನ ಬಲ ಹೆಚ್ಚು ಕಡಿಮೆ ಮಾಡುವ ವಾಲ್ವ್ ಇರುತ್ತದೆ. ಹಿಂಬದಿಯನ್ನು ಕಾಯಂ ತಗ್ಗಿಸಿದರೆ, ಪಾಪ, ಅದು ಡಿಕ್ಕಿ ತುಂಬ ಮೂಟೆ ಇವೆ ಎಂದೇ ತಿಳಿಯುತ್ತದೆ. ಖಾಲಿ ಕಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ಗಾಡಿ ಅಡ್ಡ ತಿರುಗುವುದು ಹೀಗೆ.

ಇನ್ನು ಹಂಪ್ ವಿಷಯ. ಭಾರತೀಯ ರೋಡ್ ಕಾಂಗ್ರೆಸ್‌ನ ಅಳತೆಯ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು, 17 ಮೀಟರ್ ತ್ರಿಜ್ಯದಲ್ಲಿ ನುಣ್ಣಗೆ ಬಾಗಿರಬೇಕು. ಈಚಿನ ಸ್ವಿಫ್ಟ್‌ನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2.45 ಮೀಟರ್. ಅಂದರೆ ಅಳತೆಯ ಹಂಪ್ ಮೇಲೆ ನಾಲ್ಕೂ ಚಕ್ರಗಳು ಒಮ್ಮೆಗೇ ಕೂರುತ್ತವೆ. ಆಗ ಚಕ್ರಗಳ ನಡುವೆ ಹಂಪ್ ಮೇಲಕ್ಕೆ ಉಬ್ಬುವುದು ಬರೀ ನಾಲ್ಕೂವರೆ ಸೆಂ.ಮೀ. ಇಳಿಸಿದ ಕಾರೂ ನಿಧಾನಕ್ಕೆ ಹೋದರೆ ಹೊಟ್ಟೆ ತಾಗದೆ ದಾಟುತ್ತದೆ.

ನಮ್ಮ ಊರುಗಳಲ್ಲಿ ಅಂಥ ಹಂಪ್ ಎಷ್ಟಿವೆ? ಅಪಘಾತವಾದ ಮರುದಿನ ಸಿಟ್ಟಿನಲ್ಲಿ ಹಾಕಿದ ಕಾಂಕ್ರೀಟಿನ ದಿಬ್ಬಗಳೇ ಹೆಚ್ಚು. ಒಂದೂವರೆ ಅಡಿ ಅಗಲ, ಕಡಿದಾದ ಏರು, ಬಣ್ಣವಿಲ್ಲ, ಫಲಕವಿಲ್ಲ. ಮುಂದಿನ ಚಕ್ರ ದಾಟಿ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ, ನಡುವೆ ದಿಬ್ಬದ ಪೂರ್ತಿ ಎತ್ತರ ಹೊಟ್ಟೆಗೆ ಎದುರಾಗುತ್ತದೆ. ಈಚಿನ ಸ್ವಿಫ್ಟ್‌ಗೆ ಕಂಪನಿ ಕೊಟ್ಟಿರುವ ನೆಲದ ಅಂತರ 163 ಮಿ.ಮೀ. ಭಾರತ ಹುಣ್ಣಿಮೆಯ ಹೊತ್ತಿಗೆ ಮನೆಮಂದಿ ಎಲ್ಲ ತುಂಬಿಕೊಂಡು ಮೈಲಾರದ ಕಾರಣಿಕಕ್ಕೆ ಹೊರಟರೆ ಅದರಲ್ಲಿ ಮೂರ್ನಾಲ್ಕು ಸೆಂ.ಮೀ. ಹೋಯಿತು. ಸ್ಪ್ರಿಂಗ್ ಕೊಯ್ದು ಇನ್ನೊಂದು ನಾಲ್ಕು ಇಳಿಸಿದ್ದರೆ ಉಳಿಯುವುದು ಎಂಟು ಚಿಲ್ಲರೆ. ಮಾಗಳದಿಂದ ಹೊರಟವರು ಮೈಲಾರ ಮುಟ್ಟುವ ಮೊದಲೇ ಆಯಿಲ್ ಚೇಂಬರ್ ಒಡೆದು, ಎಂಜಿನ್ನಿನ ಎಣ್ಣೆ ರಸ್ತೆಗೆ ಗೆರೆ ಎಳೆಯುತ್ತದೆ. ಇದರಲ್ಲಿ ಹುಡುಗರ ತಪ್ಪು ಅರ್ಧವಾದರೆ, ಅಳತೆ ಹಿಡಿಯದೆ ಹಂಪ್ ಹಾಕಿದವರದು ಉಳಿದರ್ಧ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕನ್ ಮೂಲದ ಹುಡುಗರು ಇದೇ ಆಟವನ್ನು ದಶಕಗಳ ಹಿಂದೆಯೇ ಆಡಿದ್ದರು. ಕೈಯಲ್ಲಿ ಕಾಸಿಲ್ಲದವರು ಡಿಕ್ಕಿಗೆ ಮರಳಿನ ಚೀಲ ಹೇರಿ ಕಾರು ತಗ್ಗಿಸುತ್ತಿದ್ದರು. ಚಕ್ರದ ರಿಮ್‌ಗಿಂತ ಕೆಳಗೆ ಕಾರಿನ ಯಾವ ಭಾಗವೂ ಬರಕೂಡದೆಂದು ಅಲ್ಲಿ 1958ರಲ್ಲಿ ಕಾನೂನು ಜಾರಿಯಾಯಿತು. ಮರುವರ್ಷವೇ ರಾನ್ ಅಗಿರೆ ಎಂಬ ಯುವಕ ತನ್ನ ಕಾರ್ವೆಟ್‌ಗೆ ಹೈಡ್ರಾಲಿಕ್ ಪಂಪ್ ಕೂರಿಸಿದ. ಸ್ವಿಚ್ ಒತ್ತಿದರೆ ಕಾರು ಏಳುತ್ತಿತ್ತು, ಪೊಲೀಸರು ಹೋದ ಮೇಲೆ ಮತ್ತೆ ಇಳಿಯುತ್ತಿತ್ತು.

ನಮ್ಮಲ್ಲಿ ಅಂಥ ಸ್ವಿಚ್ ಇಲ್ಲ. ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇವೆ. ಸ್ಪ್ರಿಂಗ್ ಬದಲಿಸಿದ್ದು ಇದರೊಳಗೆ ಬರುತ್ತದೋ ಇಲ್ಲವೋ ಎಂದು ವಕೀಲರು ವಾದಿಸಬಹುದು. ಅಪಘಾತದ ನಂತರ ವಿಮೆ ಕಂಪನಿಯವರು ಕಾರಿನಡಿ ಬಗ್ಗಿ ನೋಡುವಾಗ ಆ ವಾದ ಎಷ್ಟು ನಡೆದೀತು? ಆದ್ದರಿಂದ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ, ವಿಮೆಯವರಲ್ಲಿ ಕೇಳಿ ಬರಹದಲ್ಲಿ ಒಪ್ಪಿಗೆ ಪಡೆಯುವುದೇ ಸರಿ.

ಕಡಿಮೆ ದುಡ್ಡಿನಲ್ಲಿ ಆಗುವುದೇನು? ಮಾಡಲೇಬೇಕೆಂದರೆ ಆ ಮಾಡೆಲ್‌ಗೆಂದೇ ತಯಾರಾದ ಗಿಡ್ಡ ಸ್ಪ್ರಿಂಗಿನ ನಾಲ್ಕರ ಸೆಟ್ಟು, ಅದೂ ಕಾರು ಇಳಿಯುವುದು 25 ಮಿ.ಮೀ. ಮೀರದಂತೆ. ಹಾಕಿದ ದಿನವೇ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರುಗಳ ಒಳಅಂಚು ಕೆಲವೇ ತಿಂಗಳಲ್ಲಿ ಬೋಳಾಗುತ್ತದೆ. ಹೆಡ್‌ಲೈಟಿನ ಮಟ್ಟವನ್ನೂ ಹೊಂದಿಸಬೇಕು. ನಾಲ್ಕು ಜನರನ್ನು ಕೂರಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಟೈರು ಎಲ್ಲಿಯಾದರೂ ಉಜ್ಜುತ್ತದೆಯೇ ಎಂದು ನೋಡಬೇಕು. ಅಷ್ಟೂ ದುಡ್ಡು ಕೈಯಲ್ಲಿಲ್ಲ ಎಂದಾದರೆ ಇಳಿಸುವ ಯೋಚನೆ ಬಿಟ್ಟು ಹೊಸ ಶಾಕಪ್, ಹೊಸ ಬುಷ್, ಒಳ್ಳೆಯ ಟೈರು ಹಾಕಿಸುವುದೇ ಲೇಸು. ಸೆಕೆಂಡ್ ಹ್ಯಾಂಡ್ ಕಾರು ತಿರುವಿನಲ್ಲಿ ತೇಲಿದಂತಾಗುವುದಕ್ಕೆ ಎಷ್ಟೋ ಸಲ ಕಾರಣ ಕಾರಿನ ಎತ್ತರವಲ್ಲ, ಸತ್ತ ಶಾಕಪ್.

ಅದನ್ನು ತಿಳಿಯಲು ಮೆಷಿನ್ ಬೇಕಿಲ್ಲ. ಬಾನೆಟ್ಟಿನ ಒಂದು ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಡಬೇಕು. ಒಮ್ಮೆ ಎದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಶಾಕಪ್ ಮುಗಿದಿದೆ. ಸ್ಪ್ರಿಂಗ್ ಕೊಯ್ಯುವ ಗ್ರೈಂಡರಿನ ವಯರನ್ನು ಪ್ಲಗ್ಗಿಗೆ ಸಿಕ್ಕಿಸುವ ಮೊದಲು, ಮೆಕ್ಯಾನಿಕ್ ಆ ಹುಡುಗನ ಕೈಯಿಂದಲೇ ನಾಲ್ಕೂ ಮೂಲೆ ಒತ್ತಿಸಿ ನೋಡಲಿ.