ಕಲ್ಯಾಣಮಂಟಪದಿಂದ ಕೋಪನ್‌ಹೇಗನ್ನಿಗೆ

ಸಂಜೆ ಐದು ಗಂಟೆಯಾಯಿತೆಂದರೆ ಕತ್ರಿಗುಪ್ಪೆಯ ಅಡ್ಡರಸ್ತೆಗಳಲ್ಲಿ ಶಾಲೆಯ ಚೀಲಗಳು ಮನೆಯೊಳಗೆ ಸೇರುತ್ತವೆ, ಬ್ಯಾಟುಗಳು ಬೀದಿಗೆ ಬರುತ್ತವೆ. ಒಂದು ಮನೆಯ ಗೇಟಿನಿಂದ ಎದುರುಮನೆಯ ಗೇಟಿಗೆ ಹಗ್ಗ ಕಟ್ಟಿ, ಸೀಮೆಸುಣ್ಣದಿಂದ ನಾಲ್ಕು ಗೆರೆ ಎಳೆದರೆ ಬ್ಯಾಡ್ಮಿಂಟನ್ ಅಂಕಣ ಸಿದ್ಧ. ಸ್ಕೂಟರು ಬಂದಾಗ ಹಗ್ಗವನ್ನು ಇಳಿಸುವುದು, ಹೋದ ಮೇಲೆ ಮತ್ತೆ ಏರಿಸುವುದು. ಆಟ ಮಾತ್ರ ಕತ್ತಲಾಗುವವರೆಗೂ ನಿಲ್ಲದು. ಇಂತಹ ಪ್ರತಿಯೊಂದು ಬೀದಿಯಲ್ಲಿಯೂ ಯಾರೂ ಸೋಲಿಸಲಾರದ ಹುಡುಗನೊಬ್ಬನಿರುತ್ತಾನೆ. ಅವನ ಕೈಚಳಕವನ್ನು ಕಂಡ ನೆರೆಯವರು, “ಇವನನ್ನು ದೊಡ್ಡ ಆಟಕ್ಕೆ ಏಕೆ ಹಾಕಬಾರದು?” ಎನ್ನುತ್ತಾರೆ. ತಾಯಿಗೆ ಹಿಗ್ಗು; ತಂದೆಗೆ ಖರ್ಚಿನ ಚಿಂತೆ, ಓದಿನ ಚಿಂತೆ. ಆದರೆ ಇವೆಲ್ಲಕ್ಕಿಂತ ಹಿರಿದಾದ ಪ್ರಶ್ನೆಯೊಂದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ತನ್ನ ಬೀದಿಯಲ್ಲಿ ಸೋಲನ್ನೇ ಕಾಣದ ಹುಡುಗ, ಎಲ್ಲರೂ ತನ್ನಂಥವರೇ ಆಗಿರುವ ಕಡೆಗೆ ಹೋಗಿ ನಿಂತಾಗ ಅವನ ಮನಸ್ಸಿನ ಗತಿಯೇನು?

ಈ ಪ್ರಶ್ನೆಗೆ ಉತ್ತರವನ್ನು ಅರಸಲು ಬೆಂಗಳೂರನ್ನು ಬಿಟ್ಟು ಹೋಗಬೇಕಾದುದಿಲ್ಲ. ಕತ್ರಿಗುಪ್ಪೆಯಿಂದ ಊರಿನ ಆಚೆಯ ತುದಿಗೆ, ಮಲ್ಲೇಶ್ವರಕ್ಕೆ ಹೋದರೆ ಸಾಕು. ಅಲ್ಲಿನ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ 1960ರ ದಶಕದಲ್ಲಿ ಹುಡುಗನೊಬ್ಬ ಬ್ಯಾಡ್ಮಿಂಟನ್ ಕಲಿಯುತ್ತಿದ್ದ. ಅದು ಮದುವೆಗಳು ನಡೆಯುವ ಮಂಟಪ. ಲಗ್ನವಿದ್ದ ದಿನ ಆಟವಿಲ್ಲ. ಲಗ್ನವಿಲ್ಲದ ದಿನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಟ. ಆ ಹುಡುಗನೇ 1955ರ ಜೂನ್ 10ರಂದು ಹುಟ್ಟಿದ ಪ್ರಕಾಶ ಪಡುಕೋಣೆ. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದವರು. ರಾಜ್ಯದ ಕಿರಿಯರ ಪಂದ್ಯಾವಳಿಗೆ ಮೊದಲ ಬಾರಿ ಇಳಿದ ಮಗ ಮೊದಲ ಸುತ್ತಿನಲ್ಲಿಯೇ ಸೋತು ಮನೆಗೆ ಬಂದ. ಎರಡು ವರ್ಷಗಳ ತರುವಾಯ ಅದೇ ಪಂದ್ಯಾವಳಿಯನ್ನು ಗೆದ್ದ. ಮುಂದೆ 1971ರಿಂದ 1979ರವರೆಗೆ ಒಂಬತ್ತು ಬಾರಿ ಸತತವಾಗಿ ರಾಷ್ಟ್ರೀಯ ಚಾಂಪಿಯನ್. 1978ರಲ್ಲಿ ಎಡ್ಮಂಟನ್ನಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ.

ಒಂಬತ್ತು ವರ್ಷ ತನ್ನ ನಾಡಿನಲ್ಲಿ ಎದುರಾಳಿಯೇ ಇಲ್ಲದಿರುವುದು ಕೇಳಲು ಸೊಗಸಾದ ಸಂಗತಿ. ಆದರೆ ಆಟಗಾರನಿಗೆ ಅದರಷ್ಟು ಅಪಾಯಕರವಾದುದು ಬೇರೊಂದಿಲ್ಲ. ನೂರು ಹೊಡೆತಗಳಲ್ಲಿ ಹತ್ತು ತಪ್ಪಿದರೂ ಗೆಲುವು ಕೈಬಿಡದೆಂದು ಮನಸ್ಸು ಅರಿತುಬಿಡುತ್ತದೆ. ಆ ಹತ್ತನ್ನು ತಿದ್ದಿಕೊಳ್ಳುವ ಗೋಜಿಗೆ ಅದು ಹೋಗುವುದಿಲ್ಲ.

1980ರ ಮಾರ್ಚ್ ತಿಂಗಳಲ್ಲಿ ಪ್ರಕಾಶರು ಡೆನ್ಮಾರ್ಕಿನ ಹಾಗೂ ಸ್ವೀಡನ್ನಿನ ಪಂದ್ಯಾವಳಿಗಳನ್ನು ಗೆದ್ದು ಲಂಡನ್ನಿನ ವೆಂಬ್ಲಿಗೆ ಬಂದರು. ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಎದುರಿಗಿದ್ದವನು ಹಿಂದಿನ ಎರಡು ವರ್ಷವೂ ಆ ಪಟ್ಟವನ್ನೇರಿದ್ದ ಇಂಡೋನೇಷ್ಯಾದ ಲಿಮ್ ಸ್ವೀ ಕಿಂಗ್. ನೆಗೆದು ಹೊಡೆಯುವ ಅವನ ಸ್ಮ್ಯಾಷ್ ಜಗತ್ಪ್ರಸಿದ್ಧ. ಪ್ರಕಾಶರು ಬಲಕ್ಕೆ ಬಲವನ್ನು ಒಡ್ಡಲಿಲ್ಲ. ಆಟದ ವೇಗವನ್ನು ತಗ್ಗಿಸಿ, ಬಲೆಯ ಬಳಿ ಮೃದುವಾಗಿ ಇಟ್ಟು, ಹಿಂದಕ್ಕೆ ಎತ್ತಿ, ಅವನ ಲಯವನ್ನೇ ಕೆಡಿಸಿದರು. 15-3, 15-10. ಭಾರತೀಯನೊಬ್ಬ ಆ ಪಟ್ಟವನ್ನು ಗೆದ್ದದ್ದು ಅದೇ ಮೊದಲು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಹಾರತುರಾಯಿಗಳಿದ್ದವು, ಯೂನಿಯನ್ ಬ್ಯಾಂಕಿನ ಉದ್ಯೋಗವಿತ್ತು, ಹುಟ್ಟಿದೂರಿನ ಅಕ್ಕರೆಯಿತ್ತು. ಇಪ್ಪತ್ತೈದರ ಹರೆಯದ ಪ್ರಕಾಶರು ಆ ವರ್ಷವೇ ಕೋಪನ್‌ಹೇಗನ್ನಿಗೆ ಹೊರಟರು. ಅಲ್ಲಿನ ಕ್ಲಬ್ಬೊಂದರ ಪರವಾಗಿ ಆಡುತ್ತ, ಆಟವನ್ನೇ ಜೀವನೋಪಾಯವಾಗಿ ಕೈಗೊಂಡರು. ಚಳಿಯ ದೇಶ, ತಿಳಿಯದ ಭಾಷೆ. ಎಲ್ಲಕ್ಕಿಂತ ಮಿಗಿಲಾಗಿ, ಮಾರ್ಟನ್ ಫ್ರಾಸ್ಟ್‌ನಂತಹ ಆಟಗಾರರಿದ್ದ ನೆಲ. ಬೆಂಗಳೂರಿನಲ್ಲಿ ಅಭ್ಯಾಸದ ಪಂದ್ಯ ಒಂದು ವ್ಯಾಯಾಮ. ಅಲ್ಲಿ ಅದೊಂದು ಪರೀಕ್ಷೆ.

ವೃತ್ತಿಯ ಆಟದ ಮೊದಲ ಪಾಠ ಇದೇ. ಹವ್ಯಾಸಿಗೆ ಗೆಲುವು ಹಬ್ಬ, ಸೋಲು ಸೂತಕ. ವೃತ್ತಿಯವನಿಗೆ ಎರಡೂ ವಾರದ ದಿನಗಳು. ಸೋಮವಾರ ಸೋತವನು ಮಂಗಳವಾರ ಬೆಳಗ್ಗೆ ಅಂಕಣದಲ್ಲಿರಬೇಕು, ಗೆದ್ದವನೂ ಅಷ್ಟೆ. ಈ ಸಮಚಿತ್ತವು ಹುಟ್ಟಿನಿಂದ ಬರುವುದಲ್ಲ, ರೂಢಿಸಿಕೊಳ್ಳಬೇಕಾದುದು. 1981ರಲ್ಲಿ ಅದೇ ಆಲ್ ಇಂಗ್ಲೆಂಡಿನ ಅಂತಿಮ ಪಂದ್ಯದಲ್ಲಿ ಪ್ರಕಾಶರಿಗೆ ಅದೇ ಕಿಂಗ್ ಎದುರಾದ. ಮೊದಲ ಆಟವನ್ನು 15-11ರಿಂದ ಗೆದ್ದ ಪ್ರಕಾಶರು ಮುಂದಿನ ಎರಡನ್ನೂ ಸೋತು ಪಟ್ಟವನ್ನು ಕಳೆದುಕೊಂಡರು. ಆದರೆ ಆ ವರ್ಷವೇ ಕೌಲಾಲಂಪುರದ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಚೀನದ ಹಾನ್ ಜಿಯಾನ್‌ನನ್ನು 15-0, 18-16ರಿಂದ ಮಣಿಸಿದರು. ಎರಡನೆಯ ಆಟದ ಆ 18-16ರಲ್ಲಿ ಕೋಪನ್‌ಹೇಗನ್ನಿನ ಅಭ್ಯಾಸದ ಮುಂಜಾವುಗಳು ಎಷ್ಟು ಅಡಗಿವೆಯೋ ಬಲ್ಲವರೇ ಬಲ್ಲರು. 1983ರಲ್ಲಿ ಅದೇ ನಗರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕಂಚು ದೊರೆಯಿತು. 1986ರ ಜನವರಿಯಲ್ಲಿ ಹಿರಿಯ ಮಗಳು ದೀಪಿಕಾ ಹುಟ್ಟಿದ್ದೂ ಅಲ್ಲಿಯೇ.

ಈ ಮಾತು ಒಂದೇ ಆಟಕ್ಕೆ ಸೀಮಿತವಾದುದಲ್ಲ. ಬ್ಯಾಸ್ಕೆಟ್‌ಬಾಲಿನ ಸತ್ನಾಮ್ ಸಿಂಗ್ ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯವನು; ಎತ್ತರ ಏಳಡಿ ಎರಡಂಗುಲ. ಹದಿಹರೆಯದಲ್ಲಿಯೇ ಅಮೆರಿಕೆಗೆ ಹೋಗಿ ಕಲಿತ ಅವನನ್ನು 2015ರಲ್ಲಿ ಅಲ್ಲಿನ ಎನ್‌ಬಿಎ ಲೀಗಿನ ಡಲ್ಲಾಸ್ ತಂಡ 52ನೆಯ ಆಯ್ಕೆಯಾಗಿ ಆರಿಸಿಕೊಂಡಿತು. ಭಾರತೀಯನಿಗೆ ಅಂಥ ಗೌರವ ಸಂದದ್ದು ಅದೇ ಮೊದಲು. ಆದರೂ ಆ ಲೀಗಿನ ಒಂದು ಪಂದ್ಯದಲ್ಲಿಯೂ ಅವನು ಕಣಕ್ಕಿಳಿಯಲಾಗಲಿಲ್ಲ. ತನ್ನೂರಿನಲ್ಲಿ ಅವನ ಎತ್ತರ ಒಂದು ವಿಸ್ಮಯ. ಅಲ್ಲಿ ಎತ್ತರವು ಬಾಗಿಲೊಳಗೆ ಬರಲು ಬೇಕಾದ ಟಿಕೀಟು ಮಾತ್ರ. ಊರಿನಲ್ಲಿ ವಿಶೇಷವೆನಿಸಿದ ಗುಣ ಅಲ್ಲಿ ಎಲ್ಲರಲ್ಲೂ ಇರುತ್ತದೆ. ಹಾಗೆಂದು ತಿಳಿದ ದಿನ ಕುಗ್ಗದಿರುವುದೇ ಹೊಸಬನ ಮೊದಲ ಗೆಲುವು.

ತಾವು ಕಷ್ಟಪಟ್ಟು ಕಲಿತದ್ದನ್ನು ಮುಂದಿನವರಿಗೆ ಕೊಡಲು ಪ್ರಕಾಶರು 1994ರಲ್ಲಿ ವಿಮಲ್ ಕುಮಾರ್ ಮತ್ತು ವಿವೇಕ್ ಕುಮಾರ್ ಅವರೊಡನೆ ಬೆಂಗಳೂರಿನಲ್ಲಿ ಅಕಾಡೆಮಿಯನ್ನು ತೆರೆದರು. ಹಿಮಾಲಯದ ಮಡಿಲಿನ ಅಲ್ಮೋರಾದಿಂದ ಎಳವೆಯಲ್ಲಿಯೇ ಅಲ್ಲಿಗೆ ಬಂದ ಲಕ್ಷ್ಯ ಸೇನ್ 2021ರಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಕಂಚನ್ನು ಗೆದ್ದ. 2022ರಲ್ಲಿ ಆಲ್ ಇಂಗ್ಲೆಂಡಿನ ಅಂತಿಮ ಪಂದ್ಯವನ್ನು ಮುಟ್ಟಿದ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಗುರುವೂ ಜೊತೆಗಿದ್ದರು. ಪಂದ್ಯಗಳು ಮುಗಿಯುವ ತನಕ ಶಿಷ್ಯನ ಮೊಬೈಲ್ ಫೋನನ್ನು ತೆಗೆದಿರಿಸಿಕೊಂಡರಂತೆ! ಉಪಾಂತ್ಯದಲ್ಲಿ ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್ಸೆನ್ ವಿರುದ್ಧ ಲಕ್ಷ್ಯ ಮೊದಲ ಆಟದಲ್ಲಿ 20-17ರಿಂದ ಮುಂದಿದ್ದ, ಎರಡನೆಯದರಲ್ಲಿ 7-0ಯಿಂದ ಮುಂದಿದ್ದ, ಎರಡನ್ನೂ ಸೋತ. ಮರುದಿನ ಕಂಚಿಗಾಗಿ ಮಲೇಷ್ಯಾದ ಲೀ ಝೀ ಜಿಯಾ ಎದುರು ಮೊದಲ ಆಟವನ್ನು ಗೆದ್ದೂ ಪಂದ್ಯವನ್ನು ಕಳೆದುಕೊಂಡ.

ಅಂದು ಪ್ರಕಾಶರು ಕಹಿಯಾದ ಮಾತೊಂದನ್ನು ಬಹಿರಂಗವಾಗಿ ಆಡಿದರು. ಸರ್ಕಾರ, ಸಂಸ್ಥೆಗಳು ಬೇಕಾದುದನ್ನೆಲ್ಲ ಒದಗಿಸಿವೆ, ಇನ್ನು ಆಟಗಾರರೂ ಹೊಣೆ ಹೊರಬೇಕು. ದೇಹವನ್ನು ಪಳಗಿಸಿದಂತೆ ಮನಸ್ಸನ್ನೂ ಪಳಗಿಸಬೇಕು ಎಂಬುದು ಅವರ ಅಭಿಪ್ರಾಯ. ಕೊಡಗಿನ ಮನೆತನದ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಇದನ್ನು ಒಪ್ಪಲಿಲ್ಲ. ಗೆದ್ದರೆ ಕೀರ್ತಿಗೆ ಎಲ್ಲರೂ ಪಾಲುದಾರರು, ಸೋತರೆ ತಪ್ಪು ಆಟಗಾರನೊಬ್ಬನದೇ ಏಕೆ ಎಂದು ಅವರು ಕೇಳಿದರು.

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. 20-17ರ ಹೊತ್ತಿನಲ್ಲಿ ಅಂಕಣದೊಳಗೆ ಗುರುವಿಲ್ಲ, ಸಂಸ್ಥೆಯಿಲ್ಲ. ಉಳಿದ ಒಂದು ಅಂಕವನ್ನು ಅವನೇ ಗಳಿಸಬೇಕು. ಆ ಹೊಣೆಯನ್ನು ಬೇರೆಯವರು ಹೊರಲಾರರು. ಆದರೆ ಅದನ್ನು ಹೊರುವ ಮನಸ್ಸು ಅಂದೇ ಹುಟ್ಟುವುದಲ್ಲ. ಗೆದ್ದಾಗ ಮಾತ್ರ ಮುದ್ದಿಸಿ, ಸೋತಾಗ ಮುಖ ತಿರುಗಿಸುವ ಮನೆಯಲ್ಲಿ ಬೆಳೆದ ಮಗುವಿಗೆ ಪ್ರತಿಯೊಂದು ಅಂಕವೂ ಪ್ರೀತಿಯ ಲೆಕ್ಕವಾಗುತ್ತದೆ. ಆ ಭಾರದಡಿಯಲ್ಲಿ ಕೈ ನಡುಗದಿದ್ದೀತೇ? ಲಕ್ಷ್ಯನ ವಿಷಯದಲ್ಲಿಯಾದರೋ ಕಥೆ ಪ್ಯಾರಿಸ್ಸಿನಲ್ಲಿ ಮುಗಿಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಲಖನೌದ ಸೈಯದ್ ಮೋದಿ ಪಂದ್ಯಾವಳಿಯನ್ನು ಅವನು ಗೆದ್ದ. ಒಲಿಂಪಿಕ್ಸಿನ ಕಂಚಿಗೆ ಅದು ಸಾಟಿಯಲ್ಲ, ನಿಜ. ಆದರೆ ಸೋತವನು ಮತ್ತೆ ಅಂಕಣಕ್ಕೆ ಬಂದಿದ್ದ ಎಂಬುದಕ್ಕೆ ಸಾಕ್ಷಿ.

ಕತ್ರಿಗುಪ್ಪೆಯ ಬೀದಿಯ ವೀರನೂ ಒಂದು ದಿನ ನಿಜವಾದ ಬಲೆ, ನಿಜವಾದ ಅಂಕಣವಿರುವ ಕಡೆಗೆ ಹೋದಾನು. ಮೊದಲ ಸುತ್ತಿನಲ್ಲಿಯೇ ಸೋತು, ಬ್ಯಾಟಿನ ಚೀಲವನ್ನು ಮೂಲೆಗೆಸೆದು, ಊಟ ಬೇಡವೆಂದು ಮಲಗಿಯಾನು. ಮಲ್ಲೇಶ್ವರದ ಹುಡುಗನೂ ಮೊದಲ ಸುತ್ತಿನಲ್ಲಿಯೇ ಸೋತಿದ್ದನೆಂಬುದು ಆಗ ಮನೆಯವರಿಗೆ ನೆನಪಿರಲಿ. ಅಂದಿನ ಆಟದ ಲೆಕ್ಕ ಅಂದಿಗೆ ಮುಗಿಯಿತು. ಆ ರಾತ್ರಿ ತಾಯಿತಂದೆಯರು ಕೇಳಬೇಕಾದ ಪ್ರಶ್ನೆ ಒಂದೇ: “ನಾಳೆ ಬೆಳಗ್ಗೆ ಎಷ್ಟು ಗಂಟೆಗೆ ಎಬ್ಬಿಸಲಿ?”