‘ಹೇಗೆ ಗೊತ್ತು?’ ಎಂದು ಕೇಳುವ ಪದವೀಧರ

ಬಿ.ಎಸ್ಸಿ. ಫಲಿತಾಂಶ ಪ್ರಕಟವಾದ ದಿನ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಎಷ್ಟು ಅಂಕ ಬಂತು?’ ಎಂಬುದೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಹೊಲ-ತೋಟಗಳ ಆದಾಯದಿಂದಲೋ, ಕೂಲಿಯಿಂದಲೋ, ಅಲ್ಪ ಸಂಬಳದಿಂದಲೋ ಶುಲ್ಕ ಕಟ್ಟಿ ಮಕ್ಕಳನ್ನು ಓದಿಸಿದ ತಂದೆತಾಯಿಗಳಿಗೆ ಈ ಪ್ರಶ್ನೆ ಸಹಜವಾದದ್ದು. ಆದರೆ ಕೆಲಸ ಕೊಡುವವರು ಅಂಕಪಟ್ಟಿಯನ್ನು ಕ್ಷಣಮಾತ್ರ ನೋಡಿ ಬದಿಗಿಟ್ಟು, ಬೇರೊಂದನ್ನು ಅಳೆಯಲು ತೊಡಗುತ್ತಾರೆ ಎಂಬುದನ್ನು ನಮ್ಮ ಮಕ್ಕಳು ಸಂದರ್ಶನದ ಕೊಠಡಿಯಲ್ಲಿಯೇ ಮೊದಲ ಬಾರಿಗೆ ಅರಿಯುವಂತಾಗಿದೆ.

ಅವರು ಅಳೆಯುವುದು ವಿಚಾರಶಕ್ತಿಯನ್ನು. ವಿಶ್ವ ಆರ್ಥಿಕ ವೇದಿಕೆಯು ಉದ್ಯೋಗಗಳ ಭವಿಷ್ಯವನ್ನು ಕುರಿತು 2025ರಲ್ಲಿ ಪ್ರಕಟಿಸಿದ ವರದಿಯಲ್ಲಿ ವಿಶ್ಲೇಷಣಾತ್ಮಕ ಚಿಂತನೆಗೆ ಪ್ರಥಮ ಸ್ಥಾನ ದೊರೆತಿದೆ. ಹತ್ತರಲ್ಲಿ ಏಳು ಸಂಸ್ಥೆಗಳು ಅದನ್ನು ಅತ್ಯಗತ್ಯವೆಂದು ಪರಿಗಣಿಸಿವೆ.

ಈ ಶಕ್ತಿಯ ಬೆಲೆಯೇನೆಂದು ಅರಿಯಲು ದೂರ ಹೋಗಬೇಕಾಗಿಲ್ಲ. 2018ರ ಮೇ ತಿಂಗಳಿನಲ್ಲಿ ಶಿವಮೊಗ್ಗದ ಕೃಷಿ ಕಾಲೇಜಿನ ವಿಜ್ಞಾನಿಗಳಿಗೆ ಮೆಕ್ಕೆಜೋಳದ ಸುಳಿಯಲ್ಲಿ ಹುಳುಗಳು ಕಂಡುಬಂದವು. ಮೆಕ್ಕೆಜೋಳಕ್ಕೆ ಹುಳು ಬೀಳುವುದು ಹೊಸದೇನೂ ಅಲ್ಲ. ಹಳೆಯ ಹೆಸರನ್ನೇ ಬರೆದು ಸುಮ್ಮನಾಗಬಹುದಿತ್ತು. ಆದರೆ ಅವರು ತಲೆಯ ಮೇಲಿನ ತಲೆಕೆಳಗಾದ ‘ವೈ’ ಗುರುತನ್ನೂ, ಬಾಲದ ಬಳಿ ಚೌಕಾಕಾರವಾಗಿದ್ದ ನಾಲ್ಕು ಚುಕ್ಕೆಗಳನ್ನೂ ಗಮನಿಸಿದರು, ಡಿ.ಎನ್.ಎ. ಪರೀಕ್ಷೆಯಿಂದ ಖಚಿತಪಡಿಸಿಕೊಂಡರು. ಅದು ಅಮೆರಿಕ ಖಂಡಗಳ ಮೂಲದ, ಭಾರತದಲ್ಲಿ ಅದುವರೆಗೆ ವರದಿಯಾಗದಿದ್ದ ಫಾಲ್ ಸೈನಿಕ ಹುಳುವಾಗಿತ್ತು. ಜಗಳೂರಿನ ಮಳೆಯಾಶ್ರಿತ ಹೊಲದಲ್ಲಿ ಮೆಕ್ಕೆಜೋಳ ಬೆಳೆಯುವ ರೈತನಿಗೆ ಆ ಹುಳುವಿನ ನಿಜವಾದ ಹೆಸರು ತಿಳಿಯುವುದೆಂದರೆ ಸರಿಯಾದ ಔಷಧಿ ತಿಳಿಯುವುದೆಂದೇ ಅರ್ಥ.

ಔಷಧ ಕಾರ್ಖಾನೆಯ ಗುಣನಿಯಂತ್ರಣ ಪ್ರಯೋಗಾಲಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ರಸಾಯನಶಾಸ್ತ್ರದ ಪದವೀಧರನೊಬ್ಬ ಪರೀಕ್ಷಿಸಿದ ಮಾದರಿಯ ಫಲಿತಾಂಶ ನಿಗದಿತ ಮಿತಿಯನ್ನು ದಾಟಿದೆಯೆನ್ನೋಣ. ತೂಕ ತಪ್ಪಿತೇ, ದ್ರಾವಣ ಕೆಟ್ಟಿತೇ, ಉಪಕರಣ ಸರಿಯಿಲ್ಲವೇ, ಅಥವಾ ಔಷಧವೇ ದೋಷಯುಕ್ತವೇ ಎಂದು ಒಂದೊಂದಾಗಿ ಶೋಧಿಸಿ ದಾಖಲಿಸುವುದು ನಿಯಮ. ‘ಬರಬೇಕಾದ’ ಅಂಕಿಯನ್ನು ಬರೆದುಬಿಟ್ಟರೆ ಅದರ ಫಲವನ್ನು ಉಣ್ಣುವವನು ರೋಗಿ. ನಮ್ಮ ಕಾಲೇಜುಗಳಲ್ಲಿ ಪ್ರಾಯೋಗಿಕ ದಾಖಲೆ ಪುಸ್ತಕವನ್ನು ಹಿರಿಯ ವಿದ್ಯಾರ್ಥಿಯ ಪುಸ್ತಕ ನೋಡಿ ನಕಲು ಮಾಡುವ ರೂಢಿ ಕಲಿಸುವುದಾದರೂ ಏನನ್ನು? ಬರಬೇಕಾದ ಅಂಕಿಯನ್ನು ಬರೆಯುವುದನ್ನೇ ಅಲ್ಲವೇ?

ಆದರೆ ತಪ್ಪು ಮಕ್ಕಳದು ಮಾತ್ರವಲ್ಲ. ವಿಚಾರಶೀಲರು ಬೇಕೆನ್ನುವ ಉದ್ಯೋಗದಾತರೇ ಅರ್ಜಿಗಳ ರಾಶಿಯನ್ನು ಶೇಕಡಾವಾರು ಅಂಕಗಳಿಂದ ಜರಡಿ ಹಿಡಿಯುವುದುಂಟು. ಕೆಲಸಕ್ಕೆ ಸೇರಿದ ಮೇಲೆ ‘ಇದು ಸರಿಯೇ?’ ಎಂದು ಕೇಳಿದ ಕಿರಿಯನನ್ನು ಉದ್ಧಟನೆಂದು ಗದರಿಸುವ ಮೇಲಧಿಕಾರಿಗಳೂ ಇಲ್ಲದಿಲ್ಲ. ಪ್ರಶ್ನಿಸುವ ಗುಣವನ್ನು ಬಯಸುವವರು ಪ್ರಶ್ನೆಯನ್ನು ಸಹಿಸುವ ಗುಣವನ್ನೂ ಬೆಳೆಸಿಕೊಳ್ಳಬೇಕು.

ಈ ಮಾತು ಮನೆಗಳಿಗೂ ಸಲ್ಲುತ್ತದೆ. ‘ದೊಡ್ಡವರ ಮುಂದೆ ಎದುರು ಮಾತಾಡಬೇಡ’ ಎಂದು ಹದಿನೆಂಟು ವರ್ಷ ಬಾಯಿ ಮುಚ್ಚಿಸಿ, ಹತ್ತೊಂಬತ್ತನೆಯ ವರ್ಷ ಸಂದರ್ಶನದಲ್ಲಿ ಧೈರ್ಯವಾಗಿ ವಿಚಾರ ಮಂಡಿಸೆಂದರೆ ಮಗು ಏನು ಮಾಡೀತು? ವಿನಯ ಬೇರೆ, ಮೌನ ಬೇರೆ. ವಿನಯದಿಂದಲೇ ಪ್ರಶ್ನೆ ಕೇಳುವುದನ್ನು ನಾವು ಕಲಿಸಬಹುದು. ಅಡಿಕೆಗೆ ಕೊಳೆರೋಗ ಏಕೆ ಬಂತು, ಪಕ್ಕದ ತೋಟಕ್ಕೆ ಏಕೆ ಬರಲಿಲ್ಲ ಎಂದು ತಂದೆ ಮಗಳೊಡನೆ ಕುಳಿತು ಚರ್ಚಿಸಿದರೆ ಅದೂ ವಿಜ್ಞಾನದ ಪಾಠವೇ.

ಪ್ರಿಯ ಕುಟುಂಬಗಳೇ, ಅಂಕಗಳು ಬೇಡವೆಂದು ನಾವು ಹೇಳುತ್ತಿಲ್ಲ. ಅವು ಬಾಗಿಲವರೆಗೆ ಕರೆದೊಯ್ಯುತ್ತವೆ. ಒಳಗೆ ನಿಲ್ಲಿಸುವುದು ವಿಚಾರಶಕ್ತಿ. ಮುಂದಿನ ಫಲಿತಾಂಶದ ದಿನ ‘ಎಷ್ಟು ಬಂತು?’ ಎಂದು ಕೇಳಿದ ಬಳಿಕ ‘ಏನನ್ನು ಕಂಡುಕೊಂಡೆ? ಅದು ನಿಜವೆಂದು ನಿನಗೆ ಹೇಗೆ ಗೊತ್ತು?’ ಎಂದೂ ಕೇಳೋಣ. ಉತ್ತರ ಮುಗಿಯುವವರೆಗೆ ತಾಳ್ಮೆಯಿಂದ ಕೇಳಿಸಿಕೊಳ್ಳೋಣ.